ಡಿಸೆಂಬರ್‌ನಲ್ಲಿ ನಾರ್ವೆ

ನಾರ್ವೆ ಪ್ರವಾಸ ಗೊತ್ತುಮಾಡಲು ಜೈನ ಕುಟುಂಬವೊಂದು ಹುಬ್ಬಳ್ಳಿಯ ಟ್ರಾವೆಲ್ಸ್ ಆಫೀಸಿಗೆ ಬಂದಿತ್ತು. ಅತ್ತೆ, ಮಗ, ಸೊಸೆ. ಮಾತೆಲ್ಲ ಅತ್ತೆಯದೇ.

“ಹೋಟೆಲ್ ಬ್ಯಾಡ್ರಿ, ಅಡಿಗಿಮನಿ ಇರೂ ಮನೀನ ನೋಡ್ರಿ. ಮುಂಜಾನೆ ಬಿಸಿ ರೊಟ್ಟಿ, ಮಧ್ಯಾಹ್ನ ಅನ್ನ ಸಾರು, ಐದಕ್ಕ ಮತ್ತ ಬಿಸಿ ರೊಟ್ಟಿ, ಎಲ್ಲಾ ನಮ್ಮ ಸೊಸಿನ ಮಾಡತಾಳ. ಹೊತ್ತು ಮುಳುಗಿದ ಮ್ಯಾಲ ಮಾತ್ರ ನಾವು ಒಂದು ತುತ್ತೂ ಮುಟ್ಟೂದಿಲ್ಲ. ಎಲ್ಲಿ ಹೋದ್ರೂ ಅದ ನೇಮ.”

“ಯಾವ ತಿಂಗಳ್ರಿ?” ಎಂದ ಏಜೆಂಟ್.

“ಡಿಸೆಂಬರ್,” ಎಂದಳು ಸೊಸೆ. “ಉತ್ತರದ ತುದಿಯೊಳಗ ನಾಲ್ಕು ದಿನ. ಅಲ್ಲಿ ಆಕಾಶದಾಗ ಹಸಿರು ಬೆಳಕು ಕಾಣತೈತಂತ. ಅದನ್ನ ನೋಡಬೇಕು.”

“ಆತು, ಆಕಿ ಆಸೇನೂ ಒಂದು ಆಗಲಿ,” ಎಂದು ಗಂಡ ನಕ್ಕ.

ವೀಸಾ ಫೋಟೊ ತೆಗೆಸಲು ತಾಯಿ ಮಗ ಪಕ್ಕದ ಸ್ಟುಡಿಯೋಗೆ ಹೋದರು. ಏಜೆಂಟ್ ದನಿ ತಗ್ಗಿಸಿದ.

“ಅಕ್ಕಾರ, ಡಿಸೆಂಬರ್‌ನಾಗ ಅಲ್ಲಿ ಸೂರ್ಯ ಹುಟ್ಟೂದ ಇಲ್ರಿ. ಮತ್ತ ಅವರು ಉಣ್ಣೂದು ಯಾವಾಗ?”

“ಗೊತ್ತೈತ್ರಿ. ಅವರಿಗೆ ಹೇಳಬ್ಯಾಡ್ರಿ,” ಎಂದಳು ಸೊಸೆ. “ಮದುವಿ ಆಗಿ ಹನ್ನೆರಡು ವರ್ಷ ಆತು. ನನಗೂ ನಾಲ್ಕು ದಿನ ರಜಾ ಬೇಕು.”