ಹಿಮ್ಮಡಿಗೆ ಎಣ್ಣೆ

೧೯೯೬ರ ಜುಲೈ ೧೪, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಹರಳೆಣ್ಣೆಯ ವಾಸನೆ ಬಂದರೆ ಈಗಲೂ ಚಾಮರಾಜಪುರಂನ ನಮ್ಮ ಬಚ್ಚಲುಮನೆಯೇ ಕಣ್ಣಮುಂದೆ ಬರುತ್ತದೆ.

ಏಳು ತಿಂಗಳಿಗೇ ಹುಟ್ಟಿದ್ದ ತಂಗಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಆಗಷ್ಟೇ ಮನೆಗೆ ಬಂದಿದ್ದಳು. ಅಂದು ಅವಳ ಮೊದಲ ಎಣ್ಣೆಸ್ನಾನ. ಕೂಸುಗಳನ್ನು ಮೀಯಿಸುವ ಅಜ್ಜಿ ನೆತ್ತಿ, ಎದೆ, ಬೆನ್ನಿಗೆ ಎಣ್ಣೆ ತಿಕ್ಕಿ, ಮೈ ಸಡಿಲವಾಗಲೆಂದು ಪಾದ ಹಿಡಿದು ಅವಳನ್ನು ತಲೆಕೆಳಗಾಗಿ ಎತ್ತಿದರು.

ಹಿಂದಿನ ದಿನವಷ್ಟೇ ಶಾಲೆಯಲ್ಲಿ ಮೇಷ್ಟ್ರು ಗ್ರೀಕರ ಒಬ್ಬ ವೀರನ ಕಥೆ ಹೇಳಿದ್ದರು. ಸಾವು ತಟ್ಟದಿರಲೆಂದು ತಾಯಿ ಅವನನ್ನು ಹಿಮ್ಮಡಿ ಹಿಡಿದು ನದಿಯಲ್ಲಿ ಅದ್ದಿದ್ದಳಂತೆ. ನೀರು ಸೋಕದ ಆ ಹಿಮ್ಮಡಿಗೇ ಬಾಣ ತಗುಲಿ ಅವನು ಸತ್ತನಂತೆ. ರಾತ್ರಿ ಅಮ್ಮನಿಗೂ ಆ ಕಥೆ ಹೇಳಿದ್ದೆ.

"ಅಜ್ಜೀ, ಹಿಮ್ಮಡಿಗೆ ಎಣ್ಣೆ ಹಚ್ಚಿಲ್ಲ! ಪಾಪು ಸತ್ತೋಗುತ್ತೆ!" ಎಂದು ಕೂಗಿಬಿಟ್ಟೆ.

"ಥೂ, ಬುಡ್ತು ಅನ್ನೇ! ನಿಮ್ಮಪ್ಪನ್ನೂ ಇಂಗೇ ಎತ್ತಿದ್ದೆ. ಈಗ್ನೋಡು, ಎಂಗೆ ಒಟ್ಟೆ ಬಿಟ್ಕೊಂಡವ್ನೆ!" ಎನ್ನುತ್ತ ಅಜ್ಜಿ ಮಗುವನ್ನು ಮತ್ತೆ ಕಾಲ ಮೇಲೆ ಮಲಗಿಸಿಕೊಂಡರು.

ಅಮ್ಮ ನಗಲಿಲ್ಲ. ಬಟ್ಟಲಿಗೆ ಬೆರಳದ್ದಿ ತಂಗಿಯ ಎರಡೂ ಹಿಮ್ಮಡಿಗೆ ಸವರಿದಳು. ಇನ್ನೊಮ್ಮೆ ಸವರಿದಳು. ಆಮೇಲೆ, ಮಗುವಿನ ಮೇಲಿಂದ ಕಣ್ಣು ತೆಗೆಯದೆ, "ಮಗ ಹೋದ್ಮೇಲೆ ಆ ತಾಯಿ ಏನ್ ಮಾಡಿದ್ಲಂತೆ?" ಎಂದು ಮೆಲ್ಲಗೆ ಕೇಳಿದಳು.

ಮೇಷ್ಟ್ರು ಅದನ್ನು ಹೇಳಿರಲಿಲ್ಲ. ಅಮ್ಮನಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ; ತಿಳಿದವರು ಯಾರಾದರೂ ನನಗೆ ಬರೆಯಿರಿ.