ಹಿತ್ತಲ ಕಡೆಯ ವಯರ್

"ಮತ್ತ ಕತ್ತರಿಸ್ಯಾನ! ಅವನ ಕೈ ಮುರಿಯ!"

ತುಂಡಾದ ವಯರ್ ಹಿಡಿದು ಅಂದಾನಪ್ಪ ಹಿತ್ತಲಲ್ಲಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಮಾಳಿಗೆ ಹತ್ತಿ ಇಣುಕಿದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವನಿಗೆ ಮನೆಯಲ್ಲೊಂದು ನೆಟ್ ನಡೆಸಲಾಗದೆಂದರೆ ಮೈ ಉರಿಯದೆ ಇರುತ್ತದೆಯೇ?

ನೆಟ್ ಬೇಕಾದದ್ದು ಸೊಸೆ ಕಾವ್ಯಳಿಗೆ. ತೋರಣಗಲ್ಲಿನ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಮನೆಯಲ್ಲಿ ಗಟ್ಟಿ ಬ್ರಾಡ್‌ಬ್ಯಾಂಡ್ ಇದ್ದರೆ ಮನೆಯಿಂದಲೇ ಮಾಡಬಹುದು; ಇಲ್ಲದಿದ್ದರೆ ನಾಳೆಯಿಂದ ಆಫೀಸಿಗೆ ಬರಬೇಕು. ಇವತ್ತು ಮಧ್ಯಾಹ್ನವೇ ಆಫೀಸಿನವರು ಮನೆಯ ನೆಟ್ ಪರೀಕ್ಷೆ ಮಾಡುವವರಿದ್ದರು.

"ನಮ್ಮ ಮನಿ ಸೊಸಿ ಬಸ್ ಹತ್ತಿ ದುಡಿಯಾಕ ಹೋಗಂಗಿಲ್ಲ," ಎಂದು ಅಂದಾನಪ್ಪ ಮೊದಲೇ ಹೇಳಿದ್ದ. ಅವನ ಮಾತೆಂದರೆ ಮಾತು. ಹೆಂಡತಿ ಅನ್ನಪೂರ್ಣಳಿಗೂ ಹಿಂದೆ ಹೊಸಪೇಟೆಯಲ್ಲಿ ಟೀಚರ್ ಕೆಲಸವಿತ್ತು. ಮದುವೆಯಾದ ಮೇಲೆ ಬಿಡಿಸಿದ್ದ. ಅವಳು ಪುಸ್ತಕ ಕಟ್ಟಿಟ್ಟು ಒಲೆ ಮುಂದೆ ಕೂತಳು.

ಈಗ ಕಾವ್ಯಳ ಸರದಿ. ರೊಟ್ಟಿ ತಟ್ಟಿ, ಪಾತ್ರೆ ತೊಳೆದು ಕಂಪ್ಯೂಟರ್ ಮುಂದೆ ಕೂರುವಷ್ಟರಲ್ಲಿ ಮಾವ "ಚಾ ತಾರವ್ವಾ" ಅನ್ನುತ್ತಾನೆ. ಅವಳು ಏಳುತ್ತಾಳೆ.

ಮೊದಲು ಓಣಿಯ ಕೇಬಲ್ ಹುಲುಗಪ್ಪನ ನೆಟ್ ಇತ್ತು. ಸಂಜೆಯಾದರೆ ಆಮೆನಡಿಗೆ. ಅಂದಾನಪ್ಪ ಅದನ್ನು ಬಿಡಿಸಿ ದೊಡ್ಡ ಕಂಪನಿಯ ಫೈಬರ್ ಹಾಕಿಸಿದ. ಆ ವಾರವೇ ವಯರ್ ತುಂಡು. ಕೈಬಿಟ್ಟ ಗಿರಾಕಿಯ ಮೇಲೆ ಹುಲುಗಪ್ಪ ಹಗೆ ತೀರಿಸಿಕೊಳ್ಳುತ್ತಿದ್ದಾನೆ, ಇನ್ನೇನು!

"ಬೀದಿ ಕಡೆ ಬ್ಯಾಡ್ರಿ, ಹಿತ್ತಲ ಕಡೆಯಿಂದ ಎಳಸ್ರಿ. ಅಡಿಗಿಮನಿ ಕಿಟಕಿ ಹತ್ರ ಇದ್ರ ನನ್ನ ಕಣ್ಣೆದುರಿಗೇ ಇರ್ತದ," ಎಂದು ಉಪಾಯ ಹೇಳಿದವಳು ಅನ್ನಪೂರ್ಣ. ಬೇರೊಂದು ಕಂಪನಿಯವರು ಹಾಗೆಯೇ ಎಳೆದುಕೊಟ್ಟರು. ಇವತ್ತು ಅದೂ ಹೋಯಿತು.

ನೆಟ್ ಕಂಪನಿಗೆ ಫೋನ್ ಹಚ್ಚಿದರೆ, "ನಾಳಿಗೆ ಬರ್ತೀವ್ರಿ" ಎಂದರು. ಅಂದಾನಪ್ಪ ಹುಲುಗಪ್ಪನನ್ನು ಅಂಗಡಿಯಿಂದ ಎಳೆದು ತರಿಸಿದ.

"ಸಾವ್ಕಾರ್ರ, ನಾನ್ಯಾಕ ಕತ್ತರಸ್ಲಿ? ನಿಮ್ಮ ಹಿತ್ತಲ ಬಾಗ್ಲಾ ಒಳಗಿಂದ ಚಿಲಕ ಹಾಕಿರ್ತದಲ್ರಿ!"

"ಗ್ವಾಡಿ ಹಾರಿ ಬಂದಿ ಲೇ, ಕಳ್ಳ ನನ್ನ ಮಗನ!"

"ಪಾಪ, ಅವನ್ನ ಬಿಡ್ರಿ," ಎಂದಳು ಅನ್ನಪೂರ್ಣ ಅಡಿಗೆಮನೆಯಿಂದಲೇ. ಈಳಿಗೆಯ ಮುಂದೆ ಕೂತು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದಳು. "ನಿನಗೇನು ತಿಳಿತದ, ಸುಮ್ನಿರು!" ಎಂದು ಅಂದಾನಪ್ಪ ಗದರಿದ. ಪೊಲೀಸರಿಗೆ ಹೇಳುತ್ತೇನೆಂದು ಹೆದರಿಸಿಯೇ ಹುಲುಗಪ್ಪನನ್ನು ಬಿಟ್ಟ.

ಮಧ್ಯಾಹ್ನ ಕಾವ್ಯಳ ಆಫೀಸಿನಿಂದ ಫೋನ್ ಬಂತು. ನಾಳೆಯಿಂದ ಅವಳು ಅಲ್ಲಿಗೇ ಹೋಗಬೇಕು. ಕೆಲಸ ಬಿಡು ಅನ್ನೋಣವೆಂದರೆ, ಸೊಸೆಗೆ ಕಂಪನಿ ಕೆಲಸವೆಂದು ಊರ ತುಂಬ ಹೇಳಿಕೊಂಡು ಮೆರೆದವನು ಅವನೇ! ಹಲ್ಲು ಕಡಿಯುತ್ತ ಊಟಕ್ಕೆ ಕೂತ.

"ಮನಿಕೆಲ್ಸ ನಾ ನೋಡ್ಕೊಂತೀನಿ. ಅಕಿ ಹೋಗಿ ಬರ್ಲಿ," ಎನ್ನುತ್ತ ಅನ್ನಪೂರ್ಣ ರೊಟ್ಟಿಯ ಪಕ್ಕಕ್ಕೆ ಎಣ್ಣೆಗಾಯಿ ಬಡಿಸಿದಳು.

ಎರಡನೆಯ ತುತ್ತಿಗೆ ಹಲ್ಲಿಗೇನೋ ಸಿಕ್ಕಿತು. ಉಗುಳಿದ. ವಯರಿನ ಕರಿ ಸಿಪ್ಪೆಯ ಚೂರು.

"ಅಯ್ಯ," ಎಂದಳು ಅನ್ನಪೂರ್ಣ, ಗಂಡನ ಕಣ್ಣಲ್ಲಿ ಕಣ್ಣಿಟ್ಟು. "ಗಡಿಬಿಡ್ಯಾಗ ಈಳಿಗಿ ತೊಳಿಯಾದು ಮರ್ತಿದ್ದೆ ನೋಡ್ರಿ."