ಬೋಳುತಲೆಯ ಸ್ಟೇಟಸ್

"ತಾತ, ನನ್ನ ಬೋಳುತಲೆ ಫೋಟೋನ ಸ್ಟೇಟಸ್‌ಗೆ ಹಾಕೋ ಮುಂಚೆ ನನ್ನ ಕೇಳಿದ್ಯಾ?" ಸ್ಕೂಲ್ ಬ್ಯಾಗನ್ನೂ ಇಳಿಸದೆ ಹತ್ತು ವರ್ಷದ ಮೊಮ್ಮಗಳು ಕಟಿಂಗ್ ಶಾಪಿನ ಬಾಗಿಲಲ್ಲೇ ಗುಡುಗಿದಳು. ಅರ್ಧ ಮುಖಕ್ಕೆ ನೊರೆ ಮೆತ್ತಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಬಸ್ ಡ್ರೈವರ್, "ಯಜಮಾನ್ರೇ, ಲೇಡಿ ಸಿಂಗಂ ಎಂಟ್ರಿ ಆಯ್ತು" ಎಂದ.

"ಹೋದ್ವರ್ಷ ಬೇಸಿಗೆ ರಜೆಲಿ ಹೇನು ಹೋಗ್ಲಿ ಅಂತ ನಾನೇ ಬೋಳಿಸಿದ್ದು. ಮುದ್ದಾಗಿ ಕಾಣ್ತು, ಹಾಕ್ದೆ ಕಣೇ. ಎಂಬತ್ತು ಜನ ನೋಡಿದ್ದಾರೆ!" ತಾತನಿಗೆ ಹೆಮ್ಮೆಯೋ ಹೆಮ್ಮೆ.

"ಅದ್ರಲ್ಲಿ ನನ್ನ ಕ್ಲಾಸಿನವರ ಅಪ್ಪಂದಿರೂ ಇದ್ದಾರೆ. ಇಡೀ ಕ್ಲಾಸು ನನ್ನನ್ನ ಬಲ್ಬು ಅಂತ ಕರೀತಿದೆ. ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ." ಅವಳ ದನಿ ಒಡೆಯಿತು. "ಯಾರ ಮೀಸೆ ಮುಟ್ಟೋಕೂ ಮುಂಚೆ, ಇರ್ಲಾ, ತೆಗೀಲಾ ಅಂತ ಕೇಳ್ತೀಯ. ನನ್ನ ಮುಖ ಅಂದ್ರೆ ಅಷ್ಟು ಸಸಾರಾನಾ?"

ತಾತನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ತಾತ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಸ್ಟೇಟಸ್ ಅಳಿಸಿದ. ಆಮೇಲೆ ಫೋನನ್ನೇ ಅವಳ ಕೈಗಿಟ್ಟ. "ಮುಂದೆ ಹಾಕೋಕೆ ಅಂತ ಇಟ್ಕೊಂಡಿದ್ದು ಇನ್ನೂ ಹತ್ತು ಫೋಟೋ ಇವೆ. ಬೇಡದ್ದನ್ನೆಲ್ಲ ತೆಗ್ದುಬಿಡು, ತಾಯಿ."

ಅವಳು ಬೆಂಚಿನ ಮೇಲೆ ಕೂತು ಒಂದೊಂದನ್ನೇ ಅಳಿಸಿದಳು. ಕೊನೆಯದರ ಹತ್ತಿರ ಬೆರಳು ನಿಂತಿತು. ಅದರಲ್ಲಿ ಅವಳು ತಾತನ ಹೆಗಲೇರಿದ್ದಳು, ಇಬ್ಬರೂ ಬಾಯ್ತುಂಬ ನಗುತ್ತಿದ್ದರು.

"ಇದನ್ನ ಬೇಕಾದ್ರೆ ಹಾಕ್ಬೋದು. ಆದ್ರೆ ಇದ್ರಲ್ಲಿ ನೀನು ಹಲ್ಲಿನ ಸೆಟ್ ಹಾಕ್ಕೊಂಡಿಲ್ಲ. ಪರವಾಗಿಲ್ವಾ, ತಾತ?"

ತಾತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. "ಅಯ್ಯಯ್ಯೋ, ಬೇಡ್ವೇ ಬೇಡ!"